ಅಂಗಾಲಲ್ಲಿ ದಿನಾ ಮುಂದೆ ಸರಿಯುವ ಕೆಂಪು ಗೆರೆ – ಇದು ಹುಳಕಡ್ಡಿಯೇ?

ಕಡಲಂಚು (ಕಾರವಾರ):
ಕಿರುಬೆರಳ ಬುಡದಲ್ಲಿ ಎಂಟು ದಿನದ ಹಿಂದೆ ಸೊಳ್ಳೆ ಕಚ್ಚಿದಂಥ ಗುಳ್ಳೆ ಇತ್ತು. ಈಗ ಅಲ್ಲಿಂದ ಉಬ್ಬಿದ ಗೆರೆಯೊಂದು ಅಂಕುಡೊಂಕಾಗಿ ಹಿಮ್ಮಡಿಯತ್ತ ಹೊರಟಿದೆ. ನಿನ್ನೆ ರಾತ್ರಿ ತುದಿಗೆ ಪೆನ್ನಲ್ಲಿ ಚುಕ್ಕಿ ಇಟ್ಟದ್ದು, ಇವತ್ತು ಗೆರೆ ಅದನ್ನು ದಾಟಿ ಒಂದು ಸೆಂಟಿಮೀಟರ್ ಮುಂದಿದೆ. ವಿಪರೀತ ತುರಿಕೆ. ಹುಳಕಡ್ಡಿ ಮುಲಾಮು ಹಚ್ಚಿದರೂ ಬಗ್ಗಿಲ್ಲ. ಕಡಲತೀರದಲ್ಲಿ ದಿನಾ ಬರಿಗಾಲ ನಡಿಗೆ ಇದೆ. ಮನೆಯಲ್ಲಿ ನಾಯಿಮರಿಯೂ ಇದೆ.

ನೀಲಿಸ್ಲೈಡು:
ಹುಳಕಡ್ಡಿ ಉಂಗುರದ ಹಾಗೆ ಸುತ್ತಲೂ ಹರಡುತ್ತದೆ, ಹೀಗೆ ಒಂದೇ ತುದಿಯಿಂದ ನಡೆಯುವುದಿಲ್ಲ. ನಿಮ್ಮ ಪೆನ್ನಿನ ಚುಕ್ಕಿಯೇ ಒಳ್ಳೆಯ ಪರೀಕ್ಷೆ. ಇದು ನಾಯಿ, ಬೆಕ್ಕಿನ ಕೊಕ್ಕೆಹುಳದ ಮರಿ. ಹೇಲಲ್ಲಿ ಬಿದ್ದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, 5ರಿಂದ 10 ದಿನದಲ್ಲಿ ಮರಿ ಚರ್ಮ ಕೊರೆಯುವಷ್ಟು ಬಲಿಯುತ್ತದೆ. ತೇವ, ನೆರಳು ಸಿಕ್ಕರೆ ಮೂರು ನಾಲ್ಕು ವಾರ ಕಾದು ಕೂರುತ್ತದೆ. ನಾಯಿಯ ಮೈಯಲ್ಲಾದರೆ ರಕ್ತಕ್ಕಿಳಿದು ಕರುಳು ಸೇರುತ್ತಿತ್ತು. ಮನುಷ್ಯರಲ್ಲಿ ಹೊರಚರ್ಮದ ಅಡಿಯ ಪೊರೆ ದಾಟಲಾಗದೆ ಮೇಲೆಯೇ ಅಲೆಯುತ್ತದೆ. ಬೆಳೆಯುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಗೆರೆಯ ತುದಿಯನ್ನು ಸೂಜಿಯಲ್ಲಿ ಕೆದಕಬೇಡಿ, ಐಸ್‌ನಿಂದ ಸುಡಿಸಿಕೊಳ್ಳಲೂ ಬೇಡಿ. ಕೆಂಪು ಕಾಣುವುದು ಹುಳ ಬಿಟ್ಟುಹೋದ ದಾರಿ. ಹುಳ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಮುಂದೆ, ಏನೂ ಕಾಣದ ಚರ್ಮದೊಳಗಿರುತ್ತದೆ. ಗಾಯವಾಗುತ್ತದೆ, ಹುಳ ಉಳಿಯುತ್ತದೆ.

ಮಾತ್ರೆಪೆಟ್ಟಿಗೆ:
ಮುಖ್ಯ ಔಷಧಿ ಎರಡು: ಐವರ್ಮೆಕ್ಟಿನ್, ದೇಹದ ತೂಕದ ಕಿಲೋಗೆ 200 ಮೈಕ್ರೋಗ್ರಾಂನಂತೆ ಒಂದು ಸಲ (60 ಕಿಲೋಗೆ 12 ಮಿ.ಗ್ರಾಂ). ಇಲ್ಲವೇ ಆಲ್ಬೆಂಡಜೋಲ್ 400 ಮಿ.ಗ್ರಾಂ, ದಿನಕ್ಕೊಂದು, 3ರಿಂದ 7 ದಿನ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯೂ ಇದೇ ಆಲ್ಬೆಂಡಜೋಲ್, ಆದರೆ ಅದರಂತೆ ಒಂದೇ ನುಂಗಿದರೆ ಇದಕ್ಕೆ ಹೆಚ್ಚಾಗಿ ಸಾಲದು. ಆಲ್ಬೆಂಡಜೋಲನ್ನು ಊಟದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಗರ್ಭಿಣಿಯರಿಗೆ, 15 ಕಿಲೋಗಿಂತ ಹಗುರ ಮಕ್ಕಳಿಗೆ ಯಾವುದನ್ನೂ ಅಂಗಡಿಯಿಂದ ನೇರ ಕೊಡಬೇಡಿ. ನೀವೂ ಚರ್ಮದ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ, ನೋಡಿದ ಕೂಡಲೇ ಗುರುತಿಸುತ್ತಾರೆ. ರಕ್ತಪರೀಕ್ಷೆಯ ಖರ್ಚು ಬೇಡ.

ಮಾತ್ರೆಯಾದ ಎರಡು ಮೂರು ದಿನದಲ್ಲಿ ತುರಿಕೆ ಇಳಿಯಬೇಕು. ಗೆರೆ ಮಾಸಲು ವಾರವಾದರೂ ಬೇಕು. ಉಗುರು ಕತ್ತರಿಸಿಕೊಳ್ಳಿ. ಕೀವು, ಜ್ವರ ಬಂದರೆ ಅದು ಕೆರೆದ ಗಾಯಕ್ಕೆ ಸೋಂಕು ತಗುಲಿದ್ದು, ತಡಮಾಡಬೇಡಿ.

ಕಡಲಂಚು:
ನಡಿಗೆ ಬಿಡಬೇಕೇ? ನಾಯಿಮರಿಗೆ ಏನು ಮಾಡಲಿ?

ತೋಟದದಾರಿ (ಶಿರಸಿ):
ಬಿಡಬೇಡಿ, ಜಾಗ ಬದಲಿಸಿ. ಉಬ್ಬರದ ನೀರು ತೊಳೆಯುವ ಮರಳು ಅಷ್ಟು ಅಪಾಯವಲ್ಲ. ಅದರಾಚೆ ಗಾಳಿಮರದ ನೆರಳಲ್ಲಿ, ನಾಯಿಗಳು ಮಲಗುವ ತಂಪು ಮರಳಿದೆಯಲ್ಲ, ಅಲ್ಲಿ ಚಪ್ಪಲಿ ಬಿಚ್ಚಬಾರದು. ಕೂರುವುದಾದರೆ ಚಾಪೆ ಹಾಸಿ.

ಮರಿಗೆ ತಾಯಿಹಾಲಿನಿಂದಲೇ ಕೊಕ್ಕೆಹುಳ ಬಂದಿರಬಹುದು. ಎರಡನೇ ವಾರದಿಂದ ಎಂಟನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಹುಳದ ಔಷಧಿ, ಪಶುವೈದ್ಯರು ತೂಕ ನೋಡಿ ಹೇಳಿದಷ್ಟು. ಹೇಲನ್ನು ದಿನಾ ತೆಗೆಯಿರಿ. ಮೊಟ್ಟೆ ಒಡೆದು ಮರಿ ಮಣ್ಣಿಗಿಳಿದ ಮೇಲೆ ಬಳಿದು ಪ್ರಯೋಜನವಿಲ್ಲ.

ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ದುಡಿಯುವವರೂ ಓದಿ: ಮನುಷ್ಯರ ಕೊಕ್ಕೆಹುಳ ಬೇರೆ. ಅದು ಅಂಗಾಲಲ್ಲಿ ತುರಿಕೆ ಎಬ್ಬಿಸಿ, ಶ್ವಾಸಕೋಶದ ಮೂಲಕ ಕರುಳಿಗಿಳಿದು ರಕ್ತ ಹೀರುತ್ತದೆ. ಕಾಲಿನ ತುರಿಕೆ ಹೋಗಿ ವಾರಗಳಾದ ಮೇಲೆ ಸುಸ್ತು, ಬಿಳಿಚಿಕೊಳ್ಳುವುದು ಶುರುವಾದರೆ ಮಲ ಪರೀಕ್ಷೆ, ಹಿಮೋಗ್ಲೋಬಿನ್ ಎರಡೂ ಮಾಡಿಸಿ.

ನೀಲಿಸ್ಲೈಡು:
ಒಂದು ಬಿಟ್ಟುಹೋಯಿತು. ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿಗೆ ರಾತ್ರಿ ತಾಡಪಾಲು ಮುಚ್ಚಿ. ಬೆಕ್ಕುಗಳಿಗೆ ಅದೇ ಕಕ್ಕಸು, ಮಕ್ಕಳು ಚಡ್ಡಿಯಲ್ಲಿ ಕೂತು ಆಡುವುದೂ ಅಲ್ಲೇ.