ಯುಕಾಸ್ ಅರ್ಜಿ: ಹಳೇ ಪ್ರಬಂಧವನ್ನು ಮೂರು ತುಂಡು ಮಾಡಿ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು. ಮಗಳು ಎರಡನೇ ಪಿಯುಸಿ, ಪಿಸಿಎಂಬಿ. ಬ್ರಿಟನ್‌ನಲ್ಲಿ ಪರಿಸರ ವಿಜ್ಞಾನ ಓದಬೇಕು ಅಂತ ಅವಳಿಗೆ ಆಸೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದ ನಮ್ಮ ಅಣ್ಣನ ಮಗ ತನ್ನ ಪರ್ಸನಲ್ ಸ್ಟೇಟ್‌ಮೆಂಟ್ (ಅರ್ಜಿಯ ಜೊತೆ ತನ್ನ ಬಗ್ಗೆ ಬರೆಯುವ ಪ್ರಬಂಧ) ಕಳಿಸಿದ್ದ. ಅದನ್ನು ನೋಡಿಕೊಂಡು ಇವಳೂ ಒಂದು ಉದ್ದದ ಪ್ರಬಂಧ ಬರೆದಳು. ಈಗ ಯುಕಾಸ್‌ನಲ್ಲಿ (ಬ್ರಿಟನ್‌ನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ವ್ಯವಸ್ಥೆ) ಅರ್ಜಿ ತೆರೆದರೆ ಪ್ರಬಂಧದ ಬದಲು ಮೂರು ಪ್ರಶ್ನೆ ಇವೆ. ಬರೆದದ್ದನ್ನೇ ಮೂರು ಭಾಗ ಮಾಡಿದರೆ ಸಾಕಾ? ಭರತನಾಟ್ಯ ಜೂನಿಯರ್ ಪಾಸಾಗಿದ್ದಾಳೆ, ಅಬಾಕಸ್ ಸರ್ಟಿಫಿಕೇಟೂ ಇದೆ. ಅವನ್ನೆಲ್ಲ ಎಲ್ಲಿ ಹಾಕೋದು?

ಉತ್ತರ (ಪ್ರವೇಶ ಸಲಹೆಗಾರರು): ನಮಸ್ಕಾರ ಅಮ್ಮ. ತುಂಡು ಮಾಡಿ ಹಾಕಬೇಡಿ, ಹೊಸದಾಗಿ ಬರೆಸಿ. 2026ರಲ್ಲಿ ಸೇರುವವರಿಂದ ಈ ಪದ್ಧತಿ ಬದಲಾಗಿದೆ. ಒಟ್ಟು ಮಿತಿ ಮೊದಲಿನಂತೆ 4,000 ಅಕ್ಷರವೇ. ಪದ ಅಲ್ಲ, ಅಕ್ಷರ. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂದೊಂದು ಉತ್ತರವೂ ಕನಿಷ್ಠ 350 ಅಕ್ಷರ ಇರಬೇಕು. ಉಳಿದದ್ದನ್ನು ಹೇಗೆ ಹಂಚಿಕೊಂಡರೂ ಸರಿ.

ಮೊದಲ ಪ್ರಶ್ನೆ, ಈ ವಿಷಯ ಯಾಕೆ ಓದಬೇಕು ಅಂತ. ಎರಡನೆಯದು, ಈವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ ಅಂತ. ಮೂರನೆಯದು, ಓದಿನ ಹೊರಗೆ ಏನು ಮಾಡಿದ್ದೀರಿ, ಅದು ಯಾಕೆ ಉಪಯುಕ್ತ ಅಂತ.

ನಮ್ಮ ಮಕ್ಕಳು ಎಡವುವುದು ಆ ಕೊನೆಯ 'ಯಾಕೆ'ಯಲ್ಲಿ. ಸರ್ಟಿಫಿಕೇಟ್‌ಗಳನ್ನು ಸಾಲಾಗಿ ಬರೆದು ಅಲ್ಲಿಗೇ ಬಿಡುತ್ತಾರೆ. ಅಬಾಕಸ್ ಕೈಬಿಡಿ. ಭರತನಾಟ್ಯಕ್ಕೆ ಒಂದು ವಾಕ್ಯ ಸಾಕು. ಅವಳು ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿಗಳನ್ನು ನೋಡಿ ಪಟ್ಟಿ ಮಾಡಿದ್ದರೆ, ಮನೆಯ ಹತ್ತಿರದ ರಾಜಕಾಲುವೆಗೆ ಕೊಳಚೆ ಎಲ್ಲಿಂದ ಸೇರುತ್ತದೆ ಅಂತ ಹುಡುಕಿದ್ದರೆ, ಅದನ್ನು ಬಿಡಿಸಿ ಬರೆಯಲಿ. ಏನು ನೋಡಿದಳು, ಯಾವ ಅನುಮಾನ ಬಂತು, ಆಮೇಲೆ ಏನು ಓದಿದಳು ಅಂತ. ಅಜ್ಜಿಯನ್ನು ನೋಡಿಕೊಳ್ಳುವಂಥ ಮನೆಯ ಜವಾಬ್ದಾರಿಯನ್ನೂ ಇಲ್ಲಿ ಹೇಳಬಹುದು. ಅದು ಸಣ್ಣ ವಿಷಯ ಅಂತ ಮಕ್ಕಳು ಮುಚ್ಚಿಡುತ್ತಾರೆ, ನನಗೆ ಬೇಜಾರಾಗುತ್ತದೆ.

ಎರಡನೇ ಉತ್ತರದಲ್ಲಿ ಅಂಕಗಳು ಬೇಡ, ಅವಕ್ಕೆ ಅರ್ಜಿಯಲ್ಲೇ ಬೇರೆ ಜಾಗ ಇದೆ. ರಸಾಯನಶಾಸ್ತ್ರದ ಲ್ಯಾಬ್‌ನಲ್ಲಿ ಕಲಿತ ಟೈಟ್ರೇಷನ್ ನೀರಿನ ಗಡಸುತನ ಅಳೆಯಲು ಬರುತ್ತದೆ ಅನ್ನುವಂಥ ನಂಟು ಬೇಕು.

ನನಗೆ ಈ ಬದಲಾವಣೆ ಇಷ್ಟ. ಖಾಲಿ ಹಾಳೆ ಕೊಟ್ಟಾಗ, ಹೇಗೆ ಶುರು ಮಾಡಬೇಕು ಅಂತ ಹೇಳಿಕೊಡುವವರಿದ್ದ ಮಕ್ಕಳಿಗೆ ಅನುಕೂಲ ಜಾಸ್ತಿ ಇತ್ತು. ಈಗ ಏನು ಬೇಕು ಅಂತ ಅರ್ಜಿಯೇ ನೇರವಾಗಿ ಕೇಳುತ್ತದೆ.

ಪ್ರಶ್ನೆ: ಅಣ್ಣನ ಮಗನ ಕೆಲವು ಸಾಲು ಚೆನ್ನಾಗಿವೆ, ಇಟ್ಟುಕೊಳ್ಳಲಾ ಅಂತಾಳೆ. ಇಂಗ್ಲಿಷ್ ತಿದ್ದಲು ಚಾಟ್‌ಜಿಪಿಟಿಗೆ ಕೊಡಬಹುದಾ?

ಉತ್ತರ: ಆ ಸಾಲುಗಳು ಬೇಡವೇ ಬೇಡ. ಹಳೆಯ ಅರ್ಜಿಗಳ ಜೊತೆ ಹೋಲಿಸಿ ನೋಡುವ ವ್ಯವಸ್ಥೆ ಯುಕಾಸ್‌ನಲ್ಲಿದೆ. ತುಂಬಾ ಹೋಲಿಕೆ ಕಂಡರೆ ವಿಶ್ವವಿದ್ಯಾಲಯಗಳಿಗೆ ತಿಳಿಸುತ್ತಾರೆ. ಬೇರೆಯವರಿಂದಾಗಲಿ ಎಐನಿಂದಾಗಲಿ ನಕಲು ಮಾಡಿಲ್ಲ ಅಂತ ಅವಳು ಘೋಷಣೆಯನ್ನೂ ಕೊಡಬೇಕು. ಕಾಗುಣಿತ ನೋಡಿಸಿಕೊಳ್ಳುವುದು ಬೇರೆ, ಬರೆಸಿಕೊಳ್ಳುವುದು ಬೇರೆ. ಸಾದಾ ಇಂಗ್ಲಿಷ್ ಸಾಕಮ್ಮ.

ಇನ್ನೊಬ್ಬ ಸದಸ್ಯರು: ಮೇಡಂ, ನನ್ನ ಮಗ ಅಮೆರಿಕಕ್ಕೂ ಅರ್ಜಿ ಹಾಕುತ್ತಿದ್ದಾನೆ. ಇದನ್ನೇ ಅಲ್ಲಿಗೂ ಕಳಿಸಬಹುದಾ?

ಉತ್ತರ: ಬೇಡ ಸರ್. ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಒಟ್ಟಾಗಿ ಹಾಕುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಈಗಲೂ 250ರಿಂದ 650 ಪದದ ಒಂದೇ ಪ್ರಬಂಧ. ಅಲ್ಲಿ ಹುಡುಗ ಎಂಥವನು ಅಂತ ತಿಳಿಯಬೇಕು. ಬ್ರಿಟನ್‌ನವರಿಗೆ ಮುಖ್ಯವಾಗಿ ಅವನಿಗೂ ವಿಷಯಕ್ಕೂ ಇರುವ ನಂಟು ಬೇಕು. ಎರಡನ್ನೂ ಬೇರೆ ಬೇರೆ ವಾರ ಕೂತು ಬರೆಯಲಿ.

ಪ್ರಶ್ನೆ: ಕೊನೆಯದಾಗಿ ಒಂದು. ಮೊದಲ ಪಿಯುಸಿಯಲ್ಲಿ ಡೆಂಗ್ಯೂ ಬಂದು ಅಂಕ ಕಡಿಮೆಯಾಯಿತು. ಅದನ್ನು ಯಾವ ಪ್ರಶ್ನೆಯಲ್ಲಿ ಬರೆಯಲಿ?

ಉತ್ತರ: ಮೂರರಲ್ಲೂ ಬೇಡ. ಉಪನ್ಯಾಸಕರು ಬರೆಯುವ ಶಿಫಾರಸಿನಲ್ಲಿ ಇಂಥ ಕಾರಣಗಳಿಗೆ ಅಂತಲೇ ಒಂದು ಭಾಗ ಇದೆ. ಯಾರು ಬರೆದುಕೊಡುತ್ತಾರೋ ಅವರಿಗೆ ಆಸ್ಪತ್ರೆಯ ಚೀಟಿ ತೋರಿಸಿ, ಈಗಲೇ ಹೇಳಿಡಿ. ಅಕ್ಟೋಬರ್ 15ರ ಗಡುವು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ವೈದ್ಯಕೀಯದಂಥ ಕೋರ್ಸ್‌ಗಳಿಗೆ. ನಿಮ್ಮ ಮಗಳು ಆ ಎರಡು ಕಡೆ ಹಾಕದಿದ್ದರೆ ಜನವರಿವರೆಗೆ ಸಮಯ ಇದೆ. ಆದರೂ ಕಾಲೇಜಿನಲ್ಲಿ ಪ್ರಿಪರೇಟರಿ ಪರೀಕ್ಷೆ ಶುರುವಾಗುವ ಮೊದಲೇ ಶಿಫಾರಸು ಕೈಸೇರುವಂತೆ ನೋಡಿಕೊಳ್ಳಿ.