ವಿದ್ಯುತ್ ಕ್ಷೇತ್ರದಲ್ಲಿ ನರಕೋಶದ ಎಳೆ ಯಾವ ಧ್ರುವದ ಕಡೆಗೆ ತಿರುಗಬೇಕು?

ಪ್ರಶ್ನೆ:
ಆಫ್ರಿಕಾದ ಜೆನೋಪಸ್ ಕಪ್ಪೆಯ ಭ್ರೂಣದ ಬೆನ್ನುಹುರಿಯಿಂದ ತೆಗೆದ ನರಕೋಶಗಳ ಎಳೆಗಳು ವಿದ್ಯುತ್ ಕ್ಷೇತ್ರದಲ್ಲಿ ಋಣಧ್ರುವದ ಕಡೆಗೆ ಬಾಗುತ್ತವೆ ಎಂದು ಓದಿದ್ದೇನೆ. ಆದರೆ ಪಾಲಿಲೈಸಿನ್ (ಕೋಶಗಳು ಗಾಜಿಗೆ ಅಂಟಿಕೊಳ್ಳಲೆಂದು ಹಚ್ಚುವ ಲೇಪ) ಬಳಿದ ಗಾಜಿನ ಮೇಲೆ ಕೋಶಗಳನ್ನು ಬೆಳೆಸಿ, ಮಿಲಿಮೀಟರಿಗೆ 150 ಮಿಲಿವೋಲ್ಟ್‌ನಂತೆ ಮೂರು ಗಂಟೆ ಕ್ಷೇತ್ರ ಕೊಟ್ಟು ನೋಡಿದಾಗ ಬಹುಪಾಲು ಎಳೆಗಳು ಧನಧ್ರುವದ ಕಡೆಗೇ ತಿರುಗಿದ್ದವು. ತಂತಿಗಳು ಅದಲುಬದಲಾಗಿಲ್ಲ ಎಂಬುದನ್ನು ಎರಡು ಸಲ ಪರೀಕ್ಷಿಸಿದ್ದೇನೆ. ತಪ್ಪೆಲ್ಲಿದೆ?

ಉತ್ತರ 1:
ನಿಮ್ಮ ಪ್ರಯೋಗದಲ್ಲಿ ತಪ್ಪಿಲ್ಲ. ಉತ್ತರವಿರುವುದು ಗಾಜಿಗೆ ಬಳಿದ ಪಾಲಿಲೈಸಿನ್‌ನಲ್ಲಿ. ಎಳೆಗಳು ಋಣಧ್ರುವದತ್ತ ಬಾಗುತ್ತವೆ ಎಂದೂ, ಮಿಲಿಮೀಟರಿಗೆ 7 ಮಿಲಿವೋಲ್ಟ್‌ನಷ್ಟು ದುರ್ಬಲ ಕ್ಷೇತ್ರವೇ ಅದಕ್ಕೆ ಸಾಕೆಂದೂ 1981ರಲ್ಲಿ ಹಿಂಕಲ್, ಮೆಕ್‌ಕೇಗ್ ಮತ್ತು ರಾಬಿನ್ಸನ್ ತೋರಿಸಿದ್ದರು. ಆದರೆ ಅದೇ ಕಪ್ಪೆಯ ಕೋಶಗಳು ಧನಾವೇಶವುಳ್ಳ ಪಾಲಿಲೈಸಿನ್ ಮೇಲೆ ಬೆಳೆದಾಗ ಧನಧ್ರುವದತ್ತ ತಿರುಗುತ್ತವೆ ಎಂಬುದು 1998ರಲ್ಲಿ ಪ್ರಕಟವಾಯಿತು. ಲ್ಯಾಮಿನಿನ್ ಎಂಬ ಪ್ರೋಟೀನು ಬಳಿದ ಗಾಜಿನ ಮೇಲೆ ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಿ. ಅಂದಹಾಗೆ, ವಿದ್ಯುದ್ವಾರಗಳನ್ನು ನೇರವಾಗಿ ತಟ್ಟೆಯಲ್ಲಿ ಮುಳುಗಿಸದೆ ಅಗರ್ ಸೇತುವೆಯ (ಅಗರ್ ಲೋಳೆ ತುಂಬಿದ ಕೊಳವೆಯ) ಮೂಲಕ ಜೋಡಿಸಿದ್ದೀರಿ ತಾನೆ? ಇಲ್ಲವಾದರೆ ಅಲ್ಲಿ ಹುಟ್ಟುವ ರಾಸಾಯನಿಕಗಳೇ ಎಳೆಗಳ ದಿಕ್ಕನ್ನು ಕೆಡಿಸಿರಬಹುದು.

ಪ್ರಶ್ನೆ ಕೇಳಿದವರು:
ಅಗರ್ ಸೇತುವೆಯನ್ನೇ ಬಳಸಿದ್ದೇನೆ. ಇನ್ನೊಂದು ಸಂದೇಹ: ಹತ್ತು ಮೈಕ್ರಾನ್ ಅಗಲದ ಕೋಶದ ಎರಡು ಬದಿಗಳ ನಡುವೆ ಈ ಕ್ಷೇತ್ರದಿಂದ ಉಂಟಾಗುವ ವ್ಯತ್ಯಾಸ ಒಂದೂವರೆ ಮಿಲಿವೋಲ್ಟ್ ಮಾತ್ರ. ಅಷ್ಟು ಅಲ್ಪವಾದದ್ದನ್ನು ಕೋಶವು ಹೇಗೆ ಗುರುತಿಸುತ್ತದೆ?

ಉತ್ತರ 2:
ಕ್ಷಣಮಾತ್ರದ ವೋಲ್ಟೇಜಿಗಿಂತ, ಗಂಟೆಗಟ್ಟಲೆ ಒಂದೇ ದಿಕ್ಕಿನಲ್ಲಿ ನಡೆಯುವ ಎಳೆತವೇ ಇಲ್ಲಿ ಮುಖ್ಯ. ಪೊರೆಯಲ್ಲಿ ತೇಲುತ್ತಿರುವ ಆವೇಶಯುಕ್ತ ಪ್ರೋಟೀನುಗಳು ಪೊರೆಯುದ್ದಕ್ಕೂ ಮೆಲ್ಲಮೆಲ್ಲನೆ ಸರಿದು ಒಂದು ಬದಿಯಲ್ಲಿ ಒತ್ತಾಗುತ್ತವೆ. ಕಪ್ಪೆಯ ಕೋಶಗಳಲ್ಲಿ ಅಸಿಟೈಲ್‌ಕೋಲೀನ್ (ನರಸಂದೇಶ ಒಯ್ಯುವ ರಾಸಾಯನಿಕ) ಗ್ರಾಹಕಗಳು ಋಣಧ್ರುವದ ಬದಿಗೆ ಸೇರುತ್ತವೆ. ಕಾನ್‌ಕೆನಾವಲಿನ್-ಎ (ಪೊರೆಯ ಪ್ರೋಟೀನುಗಳಿಗೆ ಅಂಟಿಕೊಳ್ಳುವ ವಸ್ತು) ಹಾಕಿ ಈ ಪ್ರೋಟೀನುಗಳ ಚಲನೆಯನ್ನು ತಡೆದಾಗ ಎಳೆಗಳು ದಿಕ್ಕು ಹಿಡಿಯದೆ ಹೋದುದನ್ನು 1982ರಲ್ಲಿ ಪಟೇಲ್ ಮತ್ತು ಪೂ ಕಂಡರು. ಸೂಕ್ಷ್ಮದರ್ಶಕದಲ್ಲಿ ಎಳೆಯ ತುದಿಯನ್ನು, ಅಂದರೆ ಗ್ರೋತ್ ಕೋನನ್ನು, ತಾಳ್ಮೆಯಿಂದ ಗಮನಿಸಿ: ಬೆರಳಿನಂಥ ಸಣ್ಣ ಚಾಚುಗಳು ಮೊದಲು ಒಂದು ಬದಿಯಲ್ಲಿ ಹೆಚ್ಚುತ್ತವೆ, ಎಳೆ ಆಮೇಲಷ್ಟೇ ಬಾಗುತ್ತದೆ.

ಉತ್ತರ 3:
ಎಳೆಗಳ ಈ ನಿಧಾನಗತಿಯೇ ಚಿಕಿತ್ಸೆಯ ದಾರಿಯನ್ನೂ ತೆರೆಯಿತು ಎಂಬುದು ನನಗೆ ಬಹಳ ಮೆಚ್ಚಿಗೆಯ ಸಂಗತಿ. ಬೆನ್ನುಹುರಿಯಲ್ಲಿ ನರತಂತುಗಳು ಮೇಲಕ್ಕೂ ಕೆಳಕ್ಕೂ ಬೆಳೆಯಬೇಕು; ಕ್ಷೇತ್ರ ಒಂದೇ ದಿಕ್ಕಿನಲ್ಲಿದ್ದರೆ ಒಂದು ಗುಂಪಿನ ತಂತುಗಳು ಹಿಂದಕ್ಕೆ ಸರಿಯುತ್ತವೆ. ಆದರೆ ಹಿಂದೆ ಸರಿಯುವ ಕ್ರಿಯೆ ಆರಂಭವಾಗಲು ಹೆಚ್ಚು ಹೊತ್ತು ಹಿಡಿಯುವುದರಿಂದ, ರಿಚರ್ಡ್ ಬೋರ್ಗೆನ್ಸ್ ಅವರ ತಂಡ 15 ನಿಮಿಷಕ್ಕೊಮ್ಮೆ ಧ್ರುವಗಳನ್ನು ಬದಲಿಸುವ ಸಾಧನವನ್ನು ರೂಪಿಸಿ ಮೊದಲು ಬೆನ್ನುಹುರಿಗೆ ಪೆಟ್ಟಾದ ನಾಯಿಗಳಲ್ಲಿ ಬಳಸಿತು. ಅದನ್ನು 10 ಮಂದಿ ರೋಗಿಗಳಿಗೆ ಅಳವಡಿಸಿದ ಪ್ರಯೋಗದ ವರದಿ 2005ರಲ್ಲಿ ಬಂದಿತು.