ಸಹಾಯ ಬೇಕು: ಮಲಪ್ರಭೆ ದಂಡೆಯ ಹಳೆ ಮೆಟ್ಟಿಲುಗಳ ನಕಾಶೆ

ನಮಸ್ಕಾರ್ರೀ ಎಲ್ಲರಿಗೂ. ನಾನು ಭೂವಿಜ್ಞಾನದ ವಿದ್ಯಾರ್ಥಿ. ಪಟ್ಟದಕಲ್ಲಿನಿಂದ ಕೂಡಲಸಂಗಮದವರೆಗೆ ಮಲಪ್ರಭೆಯ ಎರಡೂ ದಂಡೆಯಲ್ಲಿ ಯಾವ ಮಣ್ಣು, ಯಾವ ಗರಸು ಎಲ್ಲಿದೆ ಎಂದು ನಕಾಶೆ ಮಾಡುತ್ತಿದ್ದೇನೆ. ನದಿ ಹಿಂದೆ ಎತ್ತರದಲ್ಲಿ ಹರಿದು, ಆಮೇಲೆ ತಳ ಕೊರೆದು ಕೆಳಗಿಳಿದಾಗ ಉಳಿದ ಸಪಾಟು ಮೆಟ್ಟಿಲುಗಳೇ ನನಗೆ ಮುಖ್ಯ.

ತೊಂದರೆ ಏನೆಂದರೆ, 1:50,000 ಟೋಪೋಶೀಟಿನಲ್ಲಿ (ನೆಲದ ಏರಿಳಿತ ತೋರಿಸುವ ನಕಾಶೆ) ಎತ್ತರದ ಗೆರೆ 20 ಮೀಟರಿಗೊಂದು. ಮೂರ್ನಾಲ್ಕು ಮೀಟರಿನ ಮೆಟ್ಟಿಲು ಅದರಲ್ಲಿ ಕಾಣುವುದೇ ಇಲ್ಲ. ಹೊಲಕ್ಕೇ ಹೋಗಿ ನೋಡೋಣವೆಂದರೆ ಜೆಸಿಬಿ ಹಚ್ಚಿ ಸಪಾಟು ಮಾಡಿದ ಹೊಲಗಳೂ ಥೇಟ್ ಹಾಗೇ ಇವೆ! ಒಳಗಿನದು ಗೊತ್ತಾಗುವುದು ಕಡಿದಾದ ದಂಡೆಯಲ್ಲಿ, ಹೊಸ ಬಾವಿಯಲ್ಲಿ ಮಾತ್ರ. ಮೇಲೆ ಎರೆಮಣ್ಣು, ಕೆಳಗೆ ಸುಣ್ಣದ ಹರಳು ಬೆರೆತ ಹಳದಿ ಮಣ್ಣು, ಬುಡದಲ್ಲಿ ಸುಣ್ಣ ಕಚ್ಚಿ ಗಟ್ಟಿಯಾದ ದುಂಡುಗಲ್ಲಿನ ಗರಸು.

ಈ ಭಾಗದಲ್ಲಿ ಈಚೆಗೆ ಬಾವಿ, ಕೃಷಿಹೊಂಡ ತೋಡಿಸಿದವರು ದಯವಿಟ್ಟು ತಿಳಿಸಿ. ಪಕ್ಕದಲ್ಲಿ ಒಂದು ಸಲಿಕೆ ನಿಲ್ಲಿಸಿ ಫೋಟೋ ಹಾಕಿದರೂ ಸಾಕು, ಅಳತೆ ಸಿಗುತ್ತದೆ. ಬಾಗಲಕೋಟೆಯಲ್ಲಿ ಆಟೋ ಲೆವೆಲ್ (ನೆಲದ ಎತ್ತರದ ವ್ಯತ್ಯಾಸ ಅಳೆಯುವ ಸರ್ವೆ ಉಪಕರಣ) ಬಾಡಿಗೆಗೆ ಕೊಡುವವರು ಯಾರಾದರೂ ಇದ್ದಾರಾ?

ಗರಸಿನಲ್ಲಿ ಕೊಡಲಿ ಆಕಾರದ ಕಲ್ಲು ಕಂಡರೆ ಮಾತ್ರ ಕೀಳಬೇಡಿ. ಹಳೆ ಶಿಲಾಯುಗದ ಅಂಥ ಕಲ್ಲುಗಳು ಘಟಪ್ರಭೆಯ ಅನಗವಾಡಿಯಲ್ಲಿ ಸಿಕ್ಕಿವೆ. ಯಾವ ಪದರಿನಲ್ಲಿ ಕೂತಿದೆ ಎಂಬುದೇ ಮೆಟ್ಟಿಲಿನ ವಯಸ್ಸಿಗೆ ಸುಳಿವು.